ಸತ್ಯಾಂಶ: ತಾಮ್ರದ ಅದಿರೆಲ್ಲ ಆಸಿಡ್‌ಗೆ ಕರಗದು

ತಾಮ್ರದ ಅದಿರು ಯಾವುದೇ ಇರಲಿ, ಪುಡಿಮಾಡಿ ಆಸಿಡ್‌ನಲ್ಲಿ ನೆನೆಹಾಕಿದರೆ ತಾಮ್ರವೆಲ್ಲ ಬಿಟ್ಟುಕೊಳ್ಳುತ್ತದೆ ಎಂಬ ಸಂದೇಶ ಆಗಾಗ ಫಾರ್ವರ್ಡ್ ಆಗುತ್ತಿರುತ್ತದೆ. ಹಸಿರು ಮಲಕೈಟ್ (ತಾಮ್ರದ ಕಾರ್ಬೊನೇಟ್ ಖನಿಜ) ಮಟ್ಟಿಗೆ ಅದು ನಿಜವೇ. ನೀರು ಬೆರೆತ ಸಲ್ಫ್ಯೂರಿಕ್ ಆಮ್ಲದಲ್ಲೂ ಬುರುಗೆದ್ದು ಕರಗುತ್ತದೆ.

ಚಿತ್ರದುರ್ಗದ ಇಂಗಳದಾಳ್ ಗಣಿಯ ಹಿತ್ತಾಳೆ ಬಣ್ಣದ ಚಾಲ್ಕೊಪೈರೈಟ್ (ತಾಮ್ರ, ಕಬ್ಬಿಣ, ಗಂಧಕ ಕೂಡಿದ ಖನಿಜ) ಹಾಗಲ್ಲ. ಶುದ್ಧ ಖನಿಜದಲ್ಲಿ 34.6% ತಾಮ್ರವಿದ್ದರೂ ಬರೀ ಆಮ್ಲಕ್ಕೆ ಜಗ್ಗದು. ಕರಗಲು ನೆರವಾಗುವ ಫೆರಿಕ್ (ಕಬ್ಬಿಣದ) ಲವಣ ಸೇರಿಸಿದರೂ ಕಣಗಳ ಮೇಲೆ ಪದರ ಕಟ್ಟಿ, ಕರಗುವುದು ತೀರಾ ನಿಧಾನವಾಗುತ್ತದೆ. ಅದಕ್ಕೇ ಇದನ್ನು ನೊರೆಯಲ್ಲಿ ತೇಲಿಸಿ ಬೇರ್ಪಡಿಸಿ ಕುಲುಮೆಗೆ ಹಾಕುವುದು ರೂಢಿ. ಅದಿರಿನ ಜೊತೆ ಸುಣ್ಣಕಲ್ಲಿದ್ದರೆ ಇನ್ನೊಂದು ತಾಪತ್ರಯ: ಅದರ ಮುಖ್ಯ ಖನಿಜವಾದ ಕ್ಯಾಲ್ಸೈಟ್ 100 ಗ್ರಾಂ ಇದ್ದರೆ ಸುಮಾರು 98 ಗ್ರಾಂ ಸಲ್ಫ್ಯೂರಿಕ್ ಆಮ್ಲವನ್ನು ನುಂಗಿಬಿಡುತ್ತದೆ.

ಪರೀಕ್ಷಿಸಬೇಕೆ? ಟೈಲ್ಸ್‌ನ ಒರಟು ಹಿಂಬದಿಗೆ ಕಲ್ಲನ್ನು ಉಜ್ಜಿ. ತಿಳಿಹಸಿರು ಗೆರೆ ಮಲಕೈಟ್‌ನ ಸುಳಿವು, ಹಸಿರುಗಪ್ಪು ಗೆರೆ ಚಾಲ್ಕೊಪೈರೈಟ್‌ನದು (ಕಬ್ಬಿಣ-ಗಂಧಕದ ಖನಿಜವಾದ ಪೈರೈಟ್ ಕೂಡ ಹಾಗೇ ಕಾಣಬಹುದು). ಸಂದೇಶ ಕಳಿಸಿದವರನ್ನು ಕೇಳಿ: ಯಾವ ಖನಿಜ, ಎಷ್ಟು ದಿನ, ಶೇಕಡಾ ಎಷ್ಟು ಕರಗಿತು?