ಗೋಡೆ ಬಿಟ್ಟು ಹೊರಟ ಚಿತ್ತಾರಕ್ಕೆ ಹೆಸರು ಬೇಕು

ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿದ ಶೀಲಾ ಗೌಡ ಅವರ ಕೃತಿಯೊಂದು ಲಂಡನ್ನಿನ ಟೇಟ್ ಕಲಾಸಂಗ್ರಹಾಲಯದ ಸಂಗ್ರಹದಲ್ಲಿದೆ ಎಂದರೆ ನಮ್ಮ ಜಿಲ್ಲೆಯವರೇ ಹುಬ್ಬೇರಿಸುತ್ತಾರೆ. ಕೃತಿಯ ಹೆಸರು ‘ಬಿಹೋಲ್ಡ್’, ರಚನೆಯ ವರ್ಷ 2009. ದೃಷ್ಟಿಯಾಗದಿರಲೆಂದು ನಮ್ಮಲ್ಲಿ ವಾಹನಗಳ ಬಂಪರಿಗೆ ಕಟ್ಟುವ ಕೂದಲ ಹಗ್ಗವನ್ನೇ ಸುಮಾರು 4000 ಮೀಟರಿನಷ್ಟು ಬಳಸಿ, ಅದರಲ್ಲಿ ಉಕ್ಕಿನ ಬಂಪರುಗಳನ್ನು ತೂಗುಬಿಟ್ಟಿದ್ದಾರೆ. ಕಬ್ಬಿಣದ ಕಾರ್ಖಾನೆಯ ಊರಿನಲ್ಲಿ ಹುಟ್ಟಿದವರ ಕೈಗೆ ಉಕ್ಕು ಒಲಿದಿರುವುದನ್ನು ಕಂಡು ನನಗಾದ ಹಿಗ್ಗು ಇಷ್ಟಿಷ್ಟಲ್ಲ. ಆದರೆ ಆ ಹಿಗ್ಗಿಗಿಂತ ಹೆಚ್ಚು ಕಾಲ ಮನಸ್ಸಿನಲ್ಲಿ ಉಳಿದದ್ದು ಪಕ್ಕದ ಪುಟ್ಟ ಫಲಕ. ಕಲಾವಿದೆಯ ಹೆಸರು, ಹುಟ್ಟಿದ ವರ್ಷ, ಯಾವುದರಿಂದ ಮಾಡಿದ್ದು, ಸಂಗ್ರಹಕ್ಕೆ ಹೇಗೆ ಬಂತು, ಎಲ್ಲವೂ ಅಲ್ಲಿತ್ತು.

ಕಳೆದ ಬಾರಿ ಊರಿಗೆ ಬಂದಾಗ ನಮ್ಮ ಕಡೆಯ ಒಂದು ಸಂಗ್ರಹದಲ್ಲಿ, ನಮ್ಮ ಹೆಂಗಸರು ಮದುವೆ ಮನೆಯ ಗೋಡೆಗೆ ಬರೆಯುವ ಹಸೆ ಚಿತ್ತಾರ ನೋಡಿದೆ. ಗಾಜಿನ ಹಿಂದೆ, ಒಳ್ಳೆಯ ಚೌಕಟ್ಟಿನಲ್ಲಿ ಇಟ್ಟಿದ್ದರು. ಕೆಳಗೆ ಬರೆದಿದ್ದು ಇಷ್ಟೇ: ‘ಜಾನಪದ ಕಲೆ, ದೀವರ ಸಮುದಾಯ, ಸಾಗರ ತಾಲ್ಲೂಕು’. ಬರೆದವಳು ಯಾರು, ಯಾವ ಊರಿನವಳು, ಯಾವ ಮದುವೆಗೆ ಬರೆದದ್ದು, ಯಾವುದೂ ಇಲ್ಲ. ನಾನು ಅದೇ ದೀವರ ಮನೆಯಲ್ಲಿ ಬೆಳೆದವನು. ಆ ಕಾಗದದ ಚೂರು ನನಗೆ ನೋವು ತಂದಿತು.

ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಹೋಗಿ ದೊಡ್ಡಮ್ಮನಿಗೆ ತೋರಿಸಿದೆ. ಕನ್ನಡಕ ಏರಿಸಿ, ಬೆರಳಿನಿಂದ ಚಿತ್ರವನ್ನು ದೊಡ್ಡದು ಮಾಡಿಸಿಕೊಂಡು, ಬಾಸಿಂಗದ ಹತ್ತಿರ ಎಳೆಗಳು ತಿರುಗುವ ಮೂಲೆಯನ್ನೇ ನೋಡುತ್ತಾ ಕೂತರು. ಆಮೇಲೆ, “ಇದು ನಮ್ಮ ಊರಿನ ಕೈಯಲ್ಲ. ಮೂಲೆಯಲ್ಲಿ ಎಳೆ ಇಷ್ಟು ಒತ್ತಾಗಿ ಎಳೆಯುವುದು ಹೊಳೆಯ ಆಚೆಯವರು” ಎಂದರು. ಬಿಳಿಯನ್ನು ನೋಡಿ, ಅಕ್ಕಿ ಚೆನ್ನಾಗಿ ನೆನೆದಿಲ್ಲ, ಅರೆದದ್ದೂ ಸಾಲದು ಎಂದೂ ಸೇರಿಸಿದರು. ಸಂಗ್ರಹದವರಿಗೆ ತಿಳಿಯದ ಸಂಗತಿ ಅಡುಗೆಮನೆಯ ಹೊಸ್ತಿಲ ಮೇಲೆ ಕೂತ ಎಂಬತ್ತರ ಹೆಂಗಸಿಗೆ ತಿಳಿದಿತ್ತು.

ಈ ಕೆಲಸದ ಕಷ್ಟ ಗೊತ್ತಿದ್ದವರಿಗೆ ಇದು ಆಶ್ಚರ್ಯವಲ್ಲ. ಅಕ್ಕಿ ನೆನೆಸಿ ಅರೆದು ಬಿಳಿ, ಅಕ್ಕಿಯನ್ನೇ ಕರಿಕಾಗುವಂತೆ ಹುರಿದು ಕಪ್ಪು, ಗುರಿಗೆ ಕಾಯಿಯಿಂದ ಹಳದಿ, ಕೆಮ್ಮಣ್ಣಿನಿಂದ ಕೆಂಪು. ಕುಂಚವೆಂದರೆ ಪುಂಡಿ ನಾರು. ಗದ್ದೆಗೆ ಪೂಜೆ ಮಾಡುವ ಭೂಮಿ ಹುಣ್ಣಿಮೆ ಹತ್ತಿರ ಬಂತೆಂದರೆ, ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಸಗಣಿ ಬಳಿದು, ಕೆಮ್ಮಣ್ಣು ಹಚ್ಚಿ, ಒಣಗಿಸಿ, ಅದರ ಮೇಲೆ ಗೆರೆ ಎಳೆಯಬೇಕು. ಬುಟ್ಟಿಯ ಮೈ ಸಪಾಟಲ್ಲ. ಬಿದಿರಿನ ಸೀಳು ಏಳುತ್ತದೆ, ಇಳಿಯುತ್ತದೆ. ಅದರ ಮೇಲೆ ನಾರಿನ ತುದಿ ನಡುಗದೆ ಸಾಗುವುದಕ್ಕೆ ವರ್ಷಗಟ್ಟಲೆಯ ಅಭ್ಯಾಸ ಬೇಕು. ಇದನ್ನು ‘ಹೆಂಗಸರು ಬಿಡುವಿನಲ್ಲಿ ಮಾಡುವುದು’ ಎಂದು ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಗದ್ದೆ, ಕೊಟ್ಟಿಗೆ, ಒಲೆ ಮುಗಿಸಿ ಬಂದ ಹೆಂಗಸಿಗೆ ಬಿಡುವು ಎಲ್ಲಿತ್ತು?

ಹೆಸರಿನ ಮಾತೆತ್ತಿದರೆ ದೊಡ್ಡಮ್ಮ ನಕ್ಕುಬಿಟ್ಟರು. “ಗೋಡೆಯ ಮೇಲೆ ಯಾರಾದರೂ ಹೆಸರು ಬರೆದುಕೊಳ್ಳುತ್ತಾರಾ ಮಾರಾಯ? ನಾಲ್ಕು ಜನ ಸೇರಿ, ಹಾಡು ಹೇಳುತ್ತಾ ಬರೆದದ್ದು ಅದು.” ಈ ಮಾತನ್ನು ನಾನು ಒಪ್ಪುತ್ತೇನೆ. ಮದುಮಕ್ಕಳನ್ನು ಕೂರಿಸುವ ಹಸೆಗೋಡೆಗೆ ಫಲಕ ಬೇಡ. ಆ ಮನೆಗೆ ಬಂದ ಪ್ರತಿಯೊಬ್ಬರಿಗೂ ಅದು ಯಾರ ಕೈ ಎಂದು ಗೊತ್ತಿರುತ್ತದೆ. ಆದರೆ ಚಿತ್ತಾರ ಗೋಡೆ ಬಿಟ್ಟು ಕಾಗದಕ್ಕೋ ಬಟ್ಟೆಗೋ ಇಳಿದು, ಮನೆ ದಾಟಿ, ಕಚೇರಿಯ ಮೊಗಸಾಲೆಗೋ ಸಂಗ್ರಹಾಲಯದ ಗಾಜಿನ ಹಿಂದಕ್ಕೋ ಹೋದಾಗ ಗುರುತಿಸುವವರು ಯಾರೂ ಅಲ್ಲಿರುವುದಿಲ್ಲ. ಹೆಸರು ಬೇಕಾಗುವುದು ಆಗ.

ಹೆಸರು ಹೇಳಿಕೊಳ್ಳದಿರುವುದೇ ನಮ್ಮ ಪರಂಪರೆ ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ನಮ್ಮದೇ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಿಂದ ಬೇಲೂರಿಗೆ ಹೋದ ದಾಸೋಜ, ಅವನ ಮಗ ಚಾವಣ, ತಾವು ಕಡೆದ ವಿಗ್ರಹಗಳ ಕೆಳಗೆ ಹೆಸರು ಕೆತ್ತಿದ್ದಾರೆ. ಅದು ಹನ್ನೆರಡನೆಯ ಶತಮಾನ. ಮದನಿಕೆಯನ್ನು ಕಡೆದ ಗಂಡಸಿನ ಹೆಸರು ಒಂಬೈನೂರು ವರ್ಷ ಉಳಿದಿದೆ. ಹೋದ ವರ್ಷ ಹಸೆ ಬರೆದ ಹೆಂಗಸಿನ ಹೆಸರು ಉಳಿದಿಲ್ಲ. ಇದು ಪರಂಪರೆಯ ವಿನಯವಲ್ಲ, ಯಾರನ್ನು ಕೇಳಬೇಕು ಎಂದು ತೋಚದವರ ಅಲಕ್ಷ್ಯ.

ಲಂಡನ್ನಿನವರು ಹುಟ್ಟಾ ಉದಾರಿಗಳೆಂದು ನಾನು ಹೇಳುತ್ತಿಲ್ಲ. ಅಲ್ಲಿನ ಕಲಾವಿದರ ಸಂಸ್ಥೆ ರಾಯಲ್ ಅಕಾಡೆಮಿ 1768ರಲ್ಲಿ ಹುಟ್ಟಿದಾಗ ಸ್ಥಾಪಕರಲ್ಲಿ ಆಂಜೆಲಿಕಾ ಕೌಫ್‌ಮನ್ ಮತ್ತು ಮೇರಿ ಮೋಸರ್ ಎಂಬ ಇಬ್ಬರು ಮಹಿಳೆಯರಿದ್ದರು. ಕೆಲವೇ ವರ್ಷಗಳಲ್ಲಿ ಜೋಫನಿ ಎಂಬ ಕಲಾವಿದ ಸದಸ್ಯರು ಒಟ್ಟಿಗೆ ಸೇರಿದ ಚಿತ್ರ ಬರೆದ. ಬೆತ್ತಲೆ ಗಂಡು ರೂಪದರ್ಶಿ ಇದ್ದ ಕೋಣೆ ಎಂಬ ಕಾರಣಕ್ಕೆ ಅವರಿಬ್ಬರನ್ನು ಗುಂಪಿನಲ್ಲಿ ನಿಲ್ಲಿಸದೆ, ಗೋಡೆಗೆ ತೂಗುಹಾಕಿದ ಭಾವಚಿತ್ರಗಳಾಗಿ ತೋರಿಸಿದ. ಅವರ ನಂತರ ಇನ್ನೊಬ್ಬ ಮಹಿಳೆ, ಲಾರಾ ನೈಟ್, ಪೂರ್ಣ ಸದಸ್ಯೆಯಾಗಿ ಚುನಾಯಿತರಾಗಿದ್ದು 1936ರಲ್ಲಿ. ಅಲ್ಲಿನ ನ್ಯಾಷನಲ್ ಗ್ಯಾಲರಿಯಲ್ಲಿ ಇವತ್ತಿಗೂ ಮಹಿಳೆಯರ ಚಿತ್ರಗಳು ಬೆರಳೆಣಿಕೆಯಷ್ಟೇ. ಆದರೆ ಅಲ್ಲಿ ಕೊರತೆಯನ್ನು ಎಣಿಸುತ್ತಾರೆ, ಜಗಳ ಮಾಡುತ್ತಾರೆ, ಆ ಮೇಲೆ ಹಣ ಹಾಕುತ್ತಾರೆ. ಹದಿನೇಳನೆಯ ಶತಮಾನದ ಇಟಲಿಯ ಕಲಾವಿದೆ ಆರ್ಟೆಮಿಸಿಯಾ ಜೆಂಟಿಲೆಸ್ಕಿಯ ಸ್ವಂತ ಭಾವಚಿತ್ರವೊಂದನ್ನು ಆ ಗ್ಯಾಲರಿ 2018ರಲ್ಲಿ 36 ಲಕ್ಷ ಪೌಂಡ್ ಕೊಟ್ಟು ಕೊಂಡಿತು. ಎಣಿಸಬೇಕಾದರೆ ಮೊದಲು ಹೆಸರಿರಬೇಕಲ್ಲ?

ಬಿಹಾರದ ಮಿಥಿಲೆಯ ಹೆಂಗಸರೂ ನಮ್ಮವರ ಹಾಗೆ ಮದುವೆಯ ಗೋಡೆಗೆ ಬರೆಯುತ್ತಿದ್ದವರೇ. 1960ರ ದಶಕದ ಬರಗಾಲದಲ್ಲಿ ಅವರ ಕೈಗೆ ಕಾಗದ ಸಿಕ್ಕಿತು. ಜಗದಂಬಾ ದೇವಿ, ಸೀತಾ ದೇವಿ, ಗಂಗಾ ದೇವಿ, ಮೂವರಿಗೂ ಪದ್ಮಶ್ರೀ ಬಂತು. ಹಾಗೆಂದು ಹೆಸರೊಂದೇ ಸಾಲದು: ಗಂಗಾ ದೇವಿ ದೆಹಲಿಯ ಕರಕುಶಲ ಸಂಗ್ರಹಾಲಯದ ಗೋಡೆಗಳಿಗೆ ಬರೆದಿದ್ದ ಕೋಹಬರ್, ಅಂದರೆ ಮದುವೆ ಕೋಣೆಯ ಚಿತ್ತಾರ, ನವೀಕರಣದ ಹೆಸರಿನಲ್ಲಿ ನಾಶವಾಯಿತು.

ನಮ್ಮ ಕಡೆಯೂ ಈಚೆಗೆ ಹಸೆ ಚಿತ್ತಾರದ ಕೆಲವು ಕಲಾವಿದರ ಹೆಸರು ಕೇಳಿಬರುತ್ತಿರುವುದು ಸಂತೋಷ. ಅಷ್ಟಕ್ಕೆ ನಿಲ್ಲಬಾರದು. ಚಿತ್ತಾರವೋ ಬುಟ್ಟಿಯೋ ಸಂಗ್ರಹಕ್ಕೆ ಬಂದ ದಿನವೇ ದಾಖಲೆ ಪುಸ್ತಕದಲ್ಲಿ ಬರೆದವಳ ಹೆಸರು, ಊರು, ಕಲಿಸಿದವರು, ಜೊತೆಗೆ ಕೂತು ಬರೆದವರು, ಕೊಟ್ಟ ಹಣ, ಇಷ್ಟನ್ನು ಬರೆಯಲಿ. ನಾಲ್ಕು ಜನ ಬರೆದಿದ್ದರೆ ನಾಲ್ಕೂ ಹೆಸರು ಇರಲಿ. ಈ ವಿಷಯದಲ್ಲಿ ಲಂಡನ್ನಿನವರೇ ನಮ್ಮಿಂದ ಕಲಿಯಬೇಕು. ಒಬ್ಬರ ಹೆಸರಿನ ಹಿಂದೆ ಹಗ್ಗ ಹೊಸೆದ ಹತ್ತಾರು ಕೈಗಳು ಅಲ್ಲಿಯೂ ಮರೆಯಾಗುತ್ತವೆ.

ಈಗಾಗಲೇ ಹೆಸರಿಲ್ಲದೆ ಕೂತಿರುವ ಹಳೆಯ ಚಿತ್ತಾರಗಳ ಫೋಟೋ ತೆಗೆದು ಸಾಗರ, ಸೊರಬದ ಹಳ್ಳಿಗಳಿಗೆ ಒಯ್ಯಬೇಕು. ಎಳೆ ನೋಡಿ ಕೈ ಹೇಳುವ ಹೆಂಗಸರು ಇನ್ನೂ ಇದ್ದಾರೆ, ಆದರೆ ಅವರೆಲ್ಲ ದೊಡ್ಡಮ್ಮನ ವಯಸ್ಸಿನವರು. ಮುಂದಿನ ಭೂಮಿ ಹುಣ್ಣಿಮೆಯೊಳಗೆ ಯಾರಾದರೂ ಹೊರಡುವುದಾದರೆ ಜೊತೆಗೆ ಓಡಾಡಲು ನಾನು ರಜೆ ಹಾಕಿ ಬರುತ್ತೇನೆ.