ಹ್ಯೂಗೋ ದೇಶ ಬಿಟ್ಟದ್ದು ಕಾದಂಬರಿಯಿಂದಲ್ಲ

‘ಲೆ ಮಿಸೆರಾಬ್ಲ್’ ಕಾದಂಬರಿ ಬರೆದ ತಪ್ಪಿಗೆ ಫ್ರೆಂಚ್ ಲೇಖಕ ವಿಕ್ಟರ್ ಹ್ಯೂಗೋನನ್ನು ಫ್ರಾನ್ಸ್‌ನಿಂದ ಗಡಿಪಾರು ಮಾಡಿದರು ಎಂಬ ಮಾತು ಹರಿದಾಡುತ್ತಿದೆ. ಇದು ತಲೆಕೆಳಗಾದ ಕಥೆ. ಆತ ದೇಶ ಬಿಟ್ಟದ್ದು 1851ರ ಡಿಸೆಂಬರ್‌ನಲ್ಲಿ, ಮುಂದೆ ಚಕ್ರವರ್ತಿಯಾದ ಅಂದಿನ ಅಧ್ಯಕ್ಷ ಲೂಯಿ ನೆಪೋಲಿಯನ್ನನ ಕ್ಷಿಪ್ರಕ್ರಾಂತಿಯನ್ನು ಬಹಿರಂಗವಾಗಿ ವಿರೋಧಿಸಿದ ಮೇಲೆ. ಕಾದಂಬರಿ ಹೊರಬಂದದ್ದು 1862ರಲ್ಲಿ, ಹತ್ತು ವರ್ಷ ಕಳೆದು!

1845ರಲ್ಲಿ ಶುರುಮಾಡಿ ಅರ್ಧಕ್ಕೆ ನಿಲ್ಲಿಸಿದ್ದ ಹಸ್ತಪ್ರತಿಯನ್ನು ಆತ ಮತ್ತೆ ಕೈಗೆತ್ತಿಕೊಂಡದ್ದು, ದೇಶ ಬಿಟ್ಟು ನೆಲೆಸಿದ್ದ ಇಂಗ್ಲಿಷ್ ಕಡಲ್ಗಾಲುವೆಯ ಗರ್ನ್‌ಸಿ ದ್ವೀಪದಲ್ಲಿ. ಅಲ್ಲಿನ ತನ್ನ ಮನೆ ಓಟ್‌ವಿಲ್ ಹೌಸ್‌ನ ಮೇಲ್ತುದಿಯ ಗಾಜಿನ ಕೋಣೆಯಲ್ಲಿ, ಸಮುದ್ರಕ್ಕೆ ಮುಖಮಾಡಿ, ನಿಂತುಕೊಂಡೇ ಬರೆಯುತ್ತಿದ್ದ.

ಇನ್ನೊಂದು ವಿಷಯ ಹೇಳಲೇಬೇಕು. 1859ರಲ್ಲಿ ಕ್ಷಮಾದಾನ ಸಿಕ್ಕಿತ್ತು, ಬೇಕೆಂದರೆ ಮರಳಬಹುದಿತ್ತು. ಸ್ವಾತಂತ್ರ್ಯ ಮರಳಿದಾಗ ನಾನೂ ಮರಳುತ್ತೇನೆ ಎಂದು ಆತ ಅದನ್ನು ತಿರಸ್ಕರಿಸಿದ. ಈ ದಿಟ್ಟತನವನ್ನು ಬರೀ ಶಿಕ್ಷೆಯೆಂದು ಹೇಳುವುದು ದೊಡ್ಡ ಅನ್ಯಾಯ. ಪ್ಯಾರಿಸ್‌ಗೆ ಬಂದದ್ದು ಲೂಯಿ ನೆಪೋಲಿಯನ್ನನ ಚಕ್ರಾಧಿಪತ್ಯ ಬಿದ್ದ ಮೇಲೆ, 1870ರ ಸೆಪ್ಟೆಂಬರ್‌ನಲ್ಲಿ.