ನಮ್ಮಣ್ಣ ಯಾವ ನಿಗಮಕ್ಕಾದರೂ ಸೈ

ಪಟ್ಟಿ ಬಂತು. ಯಾವ ಪಟ್ಟಿ ಅಂತ ಬೇರೆ ಹೇಳಬೇಕಾ, ಸರ್ಕಾರ ನೇಮಿಸುವ ನಿಗಮ-ಮಂಡಳಿ ಅಧ್ಯಕ್ಷರ ಪಟ್ಟಿ. ನಮ್ಮ ಮಂಡ್ಯದಲ್ಲಿ ಇದು ಪೇಪರ್‌ಗಿಂತ ಮುಂಚೆ ಗೊತ್ತಾಗುತ್ತದೆ. ಹಿಂದಿನ ರಾತ್ರಿ ಫ್ಲೆಕ್ಸ್ ಅಂಗಡಿಯವರು ಶಟರ್ ಎಳೆಯುವುದಿಲ್ಲ, ಅಷ್ಟು ಸಾಕು. ನನ್ನ ಅಕ್ಕನ ಮಗ ಅಂಥ ಒಂದು ಅಂಗಡಿಯಲ್ಲೇ ಇದ್ದಾನೆ. ಓದಿರುವುದು ಎಂ.ಕಾಂ. ಮಾಡುವ ಕೆಲಸ, ಕಂಪ್ಯೂಟರ್ ಮುಂದೆ ಕೂತು ಲೀಡರ್‌ಗಳ ಕಣ್ಣಿನ ಕೆಳಗಿನ ಕಪ್ಪು ಅಳಿಸುವುದು. ಮೊನ್ನೆ ರಾತ್ರಿ ಎರಡು ಗಂಟೆಗೆ ಮನೆಗೆ ಬಂದು, ತಣ್ಣಗಾದ ಮುದ್ದೆ ಮುರಿಯುತ್ತಾ ಕೇಳಿದ.

'ಮಾವ, ಫ್ಲೆಕ್ಸ್‌ನಲ್ಲಿರೋ ಈ ಅಣ್ಣ ಮೊದ್ಲು ಏನ್ ಕೆಲ್ಸ ಮಾಡ್ಕಂಡಿದ್ರು?'

ನಾನು ನಿಜವಾಗಿಯೂ ಯೋಚನೆ ಮಾಡಿದೆ. ಇಪ್ಪತ್ತು ವರ್ಷದಿಂದ ಆ ಮುಖವನ್ನು ಸಂಜಯ ಸರ್ಕಲ್‌ನಲ್ಲಿ ನೋಡುತ್ತಿದ್ದೇನೆ. ಯುಗಾದಿಗೆ ಕೈ ಮುಗಿದಿದ್ದಾರೆ, ಗಣೇಶನ ಹಬ್ಬಕ್ಕೆ ಕೈ ಮುಗಿದಿದ್ದಾರೆ, ತಮ್ಮ ಹುಟ್ಟುಹಬ್ಬಕ್ಕೆ ತಾವೇ ಕೈ ಮುಗಿದಿದ್ದಾರೆ. ಯುವಕರ ಕಣ್ಮಣಿ ಅಂತಿತ್ತು, ಆಮೇಲೆ ತಲೆಕೂದಲು ಉದುರಿದ ಮೇಲೆ ಹಿರಿಯ ಮುಖಂಡರು ಅಂತಾಯಿತು. ಬಡವರ ಬಂಧು ಅಂತೂ ಮೊದಲಿನಿಂದ ಇದ್ದೇ ಇದೆ. ಆದರೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುತ್ತಿದ್ದರು, ಸಂಜೆ ಎಲ್ಲಿಂದ ಬರುತ್ತಿದ್ದರು? ನನಗೆ ಹೊಳೆಯಲಿಲ್ಲ.

'ಸಮಾಜ ಸೇವೆ ಕಣೋ' ಅಂದೆ.

'ಅದು ಕೆಲ್ಸ ಅಲ್ವಲ್ಲ ಮಾವ.'

ಅಲ್ಲ ಅಂತ ಇವನಿಗೆ ಯಾರು ಹೇಳಿದರೋ. ಚುನಾವಣೆಗೆ ನಿಂತವರು ಕೊಡುವ ಅಫಿಡವಿಟ್‌ನಲ್ಲಿ ವೃತ್ತಿ ಅಂತ ಒಂದು ಜಾಗ ಇರುತ್ತದೆ. ಪುರುಸೊತ್ತಿದ್ದಾಗ ಕೂತು ಓದಿ, ಧಾರಾವಾಹಿಗಿಂತ ಚೆನ್ನಾಗಿರುತ್ತದೆ. ಸಮಾಜ ಸೇವೆ, ಕೃಷಿ, ಕೃಷಿ ಮತ್ತು ಸಮಾಜ ಸೇವೆ, ಸಮಾಜ ಸೇವೆ ಮತ್ತು ವ್ಯಾಪಾರ. ಏನು ವ್ಯಾಪಾರ ಅಂತ ಕೇಳಬಾರದು. ಕೃಷಿ ಅಂತ ಬರೆದವರ ಆಸ್ತಿ ಪುಟಕ್ಕೆ ಬಂದರೆ ನನಗೆ ಪ್ರತಿ ಸಲ ಒಂದೇ ಆಸೆ ಆಗುತ್ತದೆ. ಇವರು ಯಾವ ಬಿತ್ತನೆ ಹಾಕಿದರು, ಯಾವ ಗೊಬ್ಬರ ಕೊಟ್ಟರು ಅಂತ ನಮ್ಮ ಕೃಷಿ ಸಂಶೋಧನೆಯ ವಿ.ಸಿ. ಫಾರಂನವರು ಹೋಗಿ ಬರೆದುಕೊಂಡು ಬರಬೇಕು. ಯಾಕೆಂದರೆ ನಮ್ಮಪ್ಪನೂ ಇದೇ ನಾಲೆಯ ನೀರಿನಲ್ಲಿ, ಇದೇ ಮಣ್ಣಿನಲ್ಲಿ ಐವತ್ತು ವರ್ಷ ಭತ್ತ, ಕಬ್ಬು ಬೆಳೆದರು. ಅವರ ಹತ್ತಿರ ಕೊನೆಗೆ ಉಳಿದಿದ್ದು ಎರಡು ಎಮ್ಮೆ ಮತ್ತು ಸೊಸೈಟಿ ಸಾಲದ ಪಾಸ್‌ಬುಕ್ಕು.

ಇರಲಿ. ನಮ್ಮ ಹುಡುಗನಿಗೆ ಈ ಪ್ರಶ್ನೆ ಯಾಕೆ ಬಂತು ಅಂತ ಹೇಳಬೇಕು. ಅವನೂ ನಿಗಮ-ಮಂಡಳಿಗೇ ಅರ್ಜಿ ಹಾಕಿದವನು. ಅಧ್ಯಕ್ಷಗಿರಿಗಲ್ಲ ಮಾರಾಯ್ರೆ, ಎಫ್‌ಡಿಎ ಅಂದರೆ ಪ್ರಥಮ ದರ್ಜೆ ಸಹಾಯಕ ಹುದ್ದೆಗೆ. 2023ರ ಅಕ್ಟೋಬರ್ ಕೊನೆಯಲ್ಲಿ ಪರೀಕ್ಷಾ ಪ್ರಾಧಿಕಾರ ಕೆಇಎ ನಡೆಸಿತಲ್ಲ, ಕಲಬುರಗಿ, ಯಾದಗಿರಿ ಕಡೆ ಕಿವಿಯೊಳಗೆ ಬ್ಲೂಟೂತ್ ಇಟ್ಟುಕೊಂಡು ಸಿಕ್ಕಿಬಿದ್ದರಲ್ಲ, ಅದೇ ಪರೀಕ್ಷೆ. ಅದಾದ ಮೇಲೆ ನವೆಂಬರ್‌ನಲ್ಲಿ ನಡೆದ ಪರೀಕ್ಷೆಗೆ ತುಂಬು ತೋಳಿನ ಅಂಗಿ ಹಾಕಬಾರದು ಅಂದರು. ಶೂ ಬೇಡ, ದಪ್ಪ ಅಟ್ಟೆಯ ಚಪ್ಪಲಿ ಬೇಡ, ಹೆಣ್ಣುಮಕ್ಕಳು ತಾಳಿ, ಕಾಲುಂಗುರ ಬಿಟ್ಟು ಬೇರೆ ಒಡವೆ ಹಾಕಬಾರದು. ಸರಿ, ಕಳ್ಳರು ಇದ್ದ ಕಡೆ ಕಾವಲು ಇರಬೇಕು, ನಾನು ಬೇಡ ಅನ್ನಲ್ಲ.

ಅರ್ಜಿ ಹಾಕುವುದಕ್ಕೂ ಮುಂಚೆ ಗ್ರಾಮೀಣ ಅಭ್ಯರ್ಥಿ ಅಂತ ಒಂದು ಪ್ರಮಾಣ ಪತ್ರ ಬೇಕು. ಕನ್ನಡ ಮಾಧ್ಯಮ ಅಂತ ಇನ್ನೊಂದು. ಒಂದರಿಂದ ಹತ್ತನೇ ಕ್ಲಾಸು ಹಳ್ಳಿಯಲ್ಲಿ ಓದಿದ್ದಕ್ಕೆ ಹೆಡ್‌ಮಾಸ್ಟರ್ ಸಹಿ, ಅದರ ಮೇಲೆ ಬಿಇಒ ಮೇಲುಸಹಿ. ಇವನು ಒಂದು ಕಚೇರಿಗೆ ಆರು ಸಲ ಅಲೆದ. ಒಂದು ದಿನ ಸಾಹೇಬರು ಮೀಟಿಂಗ್, ಒಂದು ದಿನ ಸೀಲ್ ಬೀರುವಿನಲ್ಲಿತ್ತು, ಬೀರು ಕೀಲಿ ರಜೆಯಲ್ಲಿತ್ತು. ಇಷ್ಟೆಲ್ಲ ಯಾತಕ್ಕೆ? ಅಧ್ಯಕ್ಷರ ರೂಮಿನ ಹೊರಗೆ ಒಂದು ಟೇಬಲ್ ಹಾಕಿಕೊಂಡು ಫೈಲಿಗೆ ನಂಬರ್ ಹಾಕಲಿಕ್ಕೆ. ಒಳಗೆ ಕೂರುವವರು ಬಿಳಿ ತುಂಬು ತೋಳಿನಲ್ಲಿ, ಕೈಗೆ ಕಡಗ, ಕೊರಳಿಗೆ ಬೆರಳು ದಪ್ಪದ ಸರ ಹಾಕಿಕೊಂಡು ನೆಟ್ಟಗೆ ಹೋಗಿ ಕೂತರು. ಅವರ ಹಳ್ಳಿ ಯಾವುದು, ಮಾಧ್ಯಮ ಯಾವುದು ಅಂತ ಯಾವ ಬಿಇಒ ಸಹಿಯೂ ಬೇಕಾಗಲಿಲ್ಲ. ಆದೇಶದಲ್ಲಿ ಇರುವುದು ಇಷ್ಟೇ: 'ತಕ್ಷಣದಿಂದ ಜಾರಿಗೆ ಬರುವಂತೆ ಹಾಗೂ ಮುಂದಿನ ಆದೇಶದವರೆಗೆ'.

ಬಸ್ ಕಂಡಕ್ಟರ್ ಕೆಲಸವನ್ನೇ ತಗೊಳ್ಳಿ. 2024ರಲ್ಲಿ ಬಿಎಂಟಿಸಿಗೆ ಅರ್ಜಿ ಕರೆದಾಗ ಪಿಯುಸಿ ಆಗಿರಬೇಕು, ಕಂಡಕ್ಟರ್ ಲೈಸೆನ್ಸು, ಬ್ಯಾಡ್ಜು ಇರಬೇಕು, ಗಂಡಸರಾದರೆ 160 ಸೆಂ.ಮೀ. ಎತ್ತರ, ಹೆಂಗಸರಾದರೆ 150 ಇರಬೇಕು ಅಂತಿತ್ತು. ಸಾರಿಗೆ ನಿಗಮದ ಅಧ್ಯಕ್ಷರಾಗಲು ಎಷ್ಟು ಎತ್ತರ ಬೇಕು? ಏನೂ ಬೇಕಾಗಿಲ್ಲ. ಬಸ್ ಹತ್ತಿ ಅಭ್ಯಾಸ ಇರಬೇಕು ಅಂತಲೂ ಇಲ್ಲ. ಕ್ರೇನ್‌ನಲ್ಲಿ ಎತ್ತಿ ಹಾಕುವ ಸೇಬಿನ ಹಾರ ತಡೆಯುವಷ್ಟು ಕತ್ತು ಗಟ್ಟಿ ಇದ್ದರೆ ಆಯಿತು. ಆ ಹಾರದ ಸೇಬು ಮೆರವಣಿಗೆ ಮುಗಿಯುವ ಹೊತ್ತಿಗೆ ಖಾಲಿಯಾಗಿರುತ್ತದೆ, ಅದೊಂದು ಬೇರೆ ಕಥೆ. ನಮ್ಮೂರಲ್ಲಿ ಒಬ್ಬರು ಎರಡು ಕೆ.ಜಿ. ಬಿಡಿಸಿಕೊಂಡು ಮನೆಗೆ ಹೋದರು. ಆ ಇಡೀ ನೇಮಕದಲ್ಲಿ ಜನರ ಕೈಗೆ ಸಿಕ್ಕಿದ್ದು ಅಷ್ಟೇ ಅಂತ ನನ್ನ ಲೆಕ್ಕ.

ಇದು ಇವತ್ತಿನ ಸರ್ಕಾರದ ಕಥೆ ಅಂತ ಯಾರೂ ಕುಣಿಯಬೇಡಿ, ಹಿಂದಿನವರೂ ಮಾಡಿದರು, ಅದರ ಹಿಂದಿನವರೂ ಮಾಡಿದರು, ಮುಂದೆ ಬರುವವರು ಈಗಲೇ ಪಟ್ಟಿ ಇಟ್ಟುಕೊಂಡಿರುತ್ತಾರೆ. ಕಾರಣ ಎಲ್ಲರಿಗೂ ಗೊತ್ತಿರುವುದೇ. 2003ರ 91ನೇ ತಿದ್ದುಪಡಿ ಬಂದ ಮೇಲೆ ವಿಧಾನಸಭೆಯ ಬಲದ ಶೇ. 15ಕ್ಕಿಂತ ಜಾಸ್ತಿ ಮಂತ್ರಿಗಳನ್ನು ಮಾಡುವ ಹಾಗಿಲ್ಲ. ನಮ್ಮಲ್ಲಿ 224 ಸೀಟು, ಮುಖ್ಯಮಂತ್ರಿಯೂ ಸೇರಿ 34 ಜನ. ಮಿಕ್ಕವರ ಮುಖ ಬಾಡಬಾರದಲ್ಲ? ಅದಕ್ಕೇ ಸಂಪುಟ ದರ್ಜೆ. ಸಂಪುಟ ಅಲ್ಲ, ದರ್ಜೆ. ಕಾಫಿ ಇಲ್ಲ, ಕಾಫಿ ವಾಸನೆ ಇದೆ. ಕಾರು, ಡ್ರೈವರು, ಪಿಎ ಮಾತ್ರ ನಿಜವಾದದ್ದು. ಶಾಸಕರು ಸರ್ಕಾರದ ಸಂಬಳ-ಸವಲತ್ತು ಇರುವ ಲಾಭದ ಹುದ್ದೆ ಹಿಡಿದರೆ ಶಾಸಕತ್ವವೇ ಹೋಗಬೇಕು ಅಂತ ಸಂವಿಧಾನದಲ್ಲಿದೆ, ಹಾಗೆ ಹೋಗದಿರಲಿ ಅಂತ ನಮ್ಮಲ್ಲಿ 1956ರಲ್ಲೇ ಒಂದು ಕಾಯ್ದೆ ಮಾಡಿಟ್ಟಿದ್ದಾರೆ. ಯಾವ ಕುರ್ಚಿ ಲಾಭದ್ದಲ್ಲ ಅಂತ ಅದರಲ್ಲಿ ಸೇರಿಸುತ್ತಾ ಹೋಗಬಹುದು. ಲಾಭ ಇಲ್ಲದ ಕುರ್ಚಿಗೆ ಇಷ್ಟೊಂದು ತಳ್ಳಾಟ ಯಾಕೆ ಅಂತ ಮಾತ್ರ ಆ ಕಾಯ್ದೆಯಲ್ಲಿ ಬರೆದಿಲ್ಲ.

ಅಮೆರಿಕದಲ್ಲಿ ಹೀಗಿಲ್ಲ ಅಂತ ನಮ್ಮ ಮೈಸೂರಿನ ಸ್ನೇಹಿತರೊಬ್ಬರು ವಾದ ಹಾಕಿದರು. ಮಗ ಅಲ್ಲಿದ್ದಾನೆ, ಹಾಗಾಗಿ ಅಮೆರಿಕ ಅವರ ಸ್ವಂತ ಸೈಟು. ನಾನು ಕೇಳಿದೆ, 'ಸಾರ್, ಕುದುರೆ ವಿಷಯ ಗೊತ್ತಾ?' 2005ರ ಆಗಸ್ಟ್‌ನಲ್ಲಿ ಕತ್ರಿನಾ ಚಂಡಮಾರುತ ಬಂದು ನ್ಯೂ ಆರ್ಲಿಯನ್ಸ್ ಮುಳುಗಿದಾಗ, ವಿಪತ್ತು ನಿರ್ವಹಣೆಯ ಫೆಮಾ ಸಂಸ್ಥೆಗೆ ಮೈಕಲ್ ಬ್ರೌನ್ ಅಂತ ಮುಖ್ಯಸ್ಥರಿದ್ದರು. ಆ ಸಂಸ್ಥೆಗೆ ಬರುವ ಮೊದಲು ಅವರು ಅರಬ್ಬಿ ಕುದುರೆ ಸಾಕುವವರ ಸಂಘದಲ್ಲಿ ತೀರ್ಪುಗಾರರನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದವರು. ಜನ ಮನೆ ಸೂರಿನ ಮೇಲೆ ಕೂತು ಕೂಗುತ್ತಿರುವಾಗ ಅಧ್ಯಕ್ಷ ಬುಷ್ ಸಾಹೇಬರು ಕ್ಯಾಮೆರಾ ಮುಂದೆ ಅವರ ಬೆನ್ನು ತಟ್ಟಿದರು. ಹತ್ತು ದಿನಕ್ಕೆ ಬ್ರೌನ್ ರಾಜೀನಾಮೆ ಕೊಟ್ಟರು. ಟೆಕ್ಸಾಸ್ ಗವರ್ನರ್ ಆಗಿದ್ದ ರಿಕ್ ಪೆರಿಯವರದ್ದು ಇನ್ನೂ ಚೆನ್ನಾಗಿದೆ. 2011ರ ಟಿವಿ ಚರ್ಚೆಯಲ್ಲಿ, ನಾನು ಅಧ್ಯಕ್ಷನಾದರೆ ಮೂರು ಇಲಾಖೆ ಮುಚ್ಚುತ್ತೇನೆ ಅಂದರು. ಎರಡು ಹೆಸರು ಹೇಳಿದರು, ಮೂರನೆಯದು ನೆನಪಿಗೇ ಬರಲಿಲ್ಲ. ಅದು ಇಂಧನ ಇಲಾಖೆ. 2017ರಲ್ಲಿ ಅವರನ್ನು ಯಾವ ಇಲಾಖೆಗೆ ಮಂತ್ರಿ ಮಾಡಿದರು ಅಂತೀರಿ? ಅದಕ್ಕೇ.

ಮತ್ತೆ ನಾವು ಹುಡುಗರಾಗಿದ್ದಾಗ ಕುಸ್ತಿಪಟುಗಳ ಟ್ರಂಪ್ ಕಾರ್ಡ್ ಆಡುತ್ತಿದ್ದೆವು, ನೆನಪಿದೆಯಾ? ಎತ್ತರ ಎಷ್ಟು, ತೂಕ ಎಷ್ಟು, ಎಷ್ಟು ಫೈಟ್ ಗೆದ್ದಿದ್ದಾನೆ. ಮೇಷ್ಟ್ರು ಕಂಡರೆ ಕಿತ್ತುಕೊಂಡು ಬಾರಿಸುತ್ತಿದ್ದರು, ಓದು ಹಾಳಾಗುತ್ತದೆ ಅಂತ. ಆ ಡಬ್ಲ್ಯುಡಬ್ಲ್ಯುಇ ಕುಸ್ತಿ ಕಂಪನಿ ನಡೆಸಿದ ಲಿಂಡಾ ಮ್ಯಾಕ್‌ಮೋಹನ್ 2025ರಿಂದ ಅಮೆರಿಕದ ಶಿಕ್ಷಣ ಮಂತ್ರಿ. ನಮ್ಮ ಮೇಷ್ಟ್ರು ಈಗಿಲ್ಲ, ಇದ್ದಿದ್ದರೆ ಆ ಕಾರ್ಡ್ ವಾಪಸ್ ಕೊಟ್ಟಿರುತ್ತಿದ್ದರೋ ಏನೋ. ಅದೇ ವರ್ಷ ಪೀಟ್ ಹೆಗ್ಸೆತ್ ಟಿವಿ ಕಾರ್ಯಕ್ರಮದಿಂದ ಎದ್ದು ರಕ್ಷಣಾ ಮಂತ್ರಿಯಾದರು. ಸೈನ್ಯದಲ್ಲಿ ಇದ್ದವರು ನಿಜ, ಆದರೆ ಸೆನೆಟ್‌ನಲ್ಲಿ 50-50 ಆಗಿ ಉಪಾಧ್ಯಕ್ಷರೇ ಬಂದು ಓಟು ಹಾಕಬೇಕಾಯಿತು.

ಇಷ್ಟು ಹೇಳಿ ಗೆದ್ದೆ ಅಂದುಕೊಂಡೆ. ಆಗ ಸ್ನೇಹಿತರು ಒಂದು ಮಾತು ಅಂದರು, ನನ್ನ ಬಾಯಿ ಕಟ್ಟಿತು. 'ಅಲ್ಲಿ ಕನಿಷ್ಠ ಎಲ್ಲರೆದುರು ಕೂರಿಸಿ ಗಂಟೆಗಟ್ಟಲೆ ಪ್ರಶ್ನೆ ಕೇಳ್ತಾರಪ್ಪ. ಟಿವಿಯಲ್ಲಿ ಬರುತ್ತೆ. ಇಲ್ಲಿ ಯಾರು, ಯಾವಾಗ, ಏನು ಕೇಳಿದರು ಹೇಳು.' ಇಲ್ಲಿಯೂ ಕೇಳುತ್ತಾರೆ ಸಾರ್, ಯಾರ ಕಡೆಯವನು ಅಂತ ಕೇಳುತ್ತಾರೆ.

ಹಾಗಂತ ಓದಿದ ಓದೇ ಎಲ್ಲ ಅಂತಲೂ ನಾನು ಹೇಳಲಾರೆ. ಮೈಸೂರಿನ ದಿವಾನ್ ಪೂರ್ಣಯ್ಯ ಮೊದಲು ಕಿರಾಣಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ಹೈದರನಿಗೆ, ಟಿಪ್ಪುವಿಗೆ, ಆಮೇಲೆ 1799ರಿಂದ 1811ರವರೆಗೆ ಒಡೆಯರ ಸಂಸ್ಥಾನಕ್ಕೆ ಲೆಕ್ಕ ಹಿಡಿದರು. ಈ ಉದಾಹರಣೆಯನ್ನು ಅಣ್ಣನ ಕಡೆಯವರಿಗೆ ಯಾರೂ ಹೇಳಬೇಡಿ, ನಾಳೆ ಫ್ಲೆಕ್ಸ್ ಮೇಲೆ 'ಆಧುನಿಕ ಪೂರ್ಣಯ್ಯ' ಅಂತ ಬರುತ್ತದೆ. ಆ ಮನುಷ್ಯ ಲೆಕ್ಕ ಬರೆದ. ನಮ್ಮ ಸರ್ಕಾರಿ ಕಂಪನಿಗಳು ವರ್ಷದ ಲೆಕ್ಕ ಮುಗಿಸಿಲ್ಲ, ಬಾಕಿ ಇಟ್ಟುಕೊಂಡಿವೆ ಅಂತ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯವರು ಬರೆದೂ ಬರೆದೂ ಅವರ ಪೆನ್ನಿನ ಇಂಕು ಮುಗಿಯುತ್ತಿದೆ.

ಇಂಕು ಅಂದಾಗ ನೆನಪಾಯಿತು. ಓಟು ಹಾಕಿದ ಮೇಲೆ ನಮ್ಮ ಬೆರಳಿಗೆ ಬಳಿಯುವ ಶಾಯಿ ಮೈಸೂರಿನ ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯದು. ನಾಲ್ವಡಿಯವರು 1937ರಲ್ಲಿ ಶುರು ಮಾಡಿದ್ದು. 1962ರ ಚುನಾವಣೆಯಿಂದ ಇಡೀ ದೇಶದ ಬೆರಳಿಗೆ ಅಲ್ಲಿಂದಲೇ ಶಾಯಿ. ಅದಕ್ಕೂ ಒಂದು ಅಧ್ಯಕ್ಷ ಕುರ್ಚಿ ಇದೆ, ಅದಕ್ಕೂ ಪಟ್ಟಿಯಿಂದಲೇ ಜನ ಬರುತ್ತಾರೆ. ಯೋಚನೆ ಮಾಡಿದರೆ ತಮಾಷೆಯಾಗಿದೆ, ಅಲ್ವಾ? ಟಿಕೆಟ್ ಸಿಗದವರಿಗೆ ಸಮಾಧಾನಕ್ಕೆ ಓಟಿನ ಶಾಯಿ. ಮೈಸೂರಲ್ಲೇ ಮೃಗಾಲಯ ಪ್ರಾಧಿಕಾರವೂ ಇದೆ. ಅಲ್ಲಿನ ಕುರ್ಚಿಗೆ ನಾನು ಜಾಸ್ತಿ ತಕರಾರು ತೆಗೆಯಲ್ಲ. ಜಿರಾಫೆ ಯಾವ ಬಣದ್ದೂ ಅಲ್ಲ. ಹುಲಿಗೆ ಅಧ್ಯಕ್ಷರ ಹಿನ್ನೆಲೆ ಬೇಕಾಗಿಲ್ಲ, ಹೊತ್ತಿಗೆ ಸರಿಯಾಗಿ ಮಾಂಸ ಬಂದರೆ ಸಾಕು.

ನಮ್ಮ ಮಂಡ್ಯದ ಸಕ್ಕರೆ ಕಾರ್ಖಾನೆ ಮೈಷುಗರ್ ವಿಷಯಕ್ಕೆ ಬಂದಾಗ ಮಾತ್ರ ನನಗೆ ನಗು ಬರಲ್ಲ. 1933ರಲ್ಲಿ ಈ ಕಾರ್ಖಾನೆ ನಮ್ಮೂರಿಗೆ ಬಂದಿದ್ದರ ಹಿಂದೆ ಲೆಸ್ಲಿ ಕೋಲ್ಮನ್ ಅಂತ ಒಬ್ಬರಿದ್ದರು. ಕೆನಡಾದವರು. ಸಕ್ಕರೆ ಓದಿದವರೂ ಅಲ್ಲ, ಹುಳ-ಹುಪ್ಪಟೆ ಓದಿದವರು. ಮಲೆನಾಡಿನವರ ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಾರಿ ತೋರಿಸಿದವರು ಅವರೇ. ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿ, ನಾಲೆ ನೀರು ಬಂದರೆ ಇಲ್ಲಿ ಕಬ್ಬು ಆಗುತ್ತದೆ, ಕಬ್ಬು ಆದರೆ ಅರೆಯಲು ಗಾಣ ಬೇಕು ಅಂತ ಮುಂದಕ್ಕೆ ನೋಡಿದರು. ಆಮೇಲೆ ಏನಾಯಿತು? ಆ ಕಾರ್ಖಾನೆ ವರ್ಷಗಟ್ಟಲೆ ನಿಂತುಹೋಯಿತು. 2022ರಲ್ಲಿ ಮತ್ತೆ ಶುರುವಾಯಿತು. ನಿಂತಿದ್ದ ಕಾಲದಲ್ಲಿ ಗದ್ದೆಯಲ್ಲಿ ಕಬ್ಬು ಸೂಲಂಗಿ, ಅಂದರೆ ಹೂ ಬಂದು ಒಣಗುವುದನ್ನು ನೋಡಿದ್ದೇನೆ. ಲಾರಿಯವನ ಕಾಲು ಹಿಡಿದು ಬೇರೆ ಕಾರ್ಖಾನೆಗೆ, ಸಿಕ್ಕ ರೇಟಿಗೆ ಆಲೆಮನೆಗೆ ಸಾಗಿಸಿದ್ದೇವೆ. ಕಬ್ಬು ಕಡಿಯುವ ಕೂಲಿಯೂ ಹುಟ್ಟದ ವರ್ಷ ಇತ್ತು. ನಮಗೆ ಬೇಕಾಗಿದ್ದು ಬಾಯ್ಲರ್ ಗೊತ್ತಿರುವವರು, ಲೆಕ್ಕ ಗೊತ್ತಿರುವವರು, ಕೊನೇಪಕ್ಷ ಕಬ್ಬು ಬೆಳೆದು ದುಡ್ಡಿಗೆ ಕಾದು ಗೊತ್ತಿರುವವರು. ಯಾವ ಸರ್ಕಾರವಾದರೂ ಬರಲಿ, ನಮಗೆ ಕಳಿಸುವುದು ಮುನಿಸಿಕೊಂಡವರನ್ನು. ಅವರ ಮುನಿಸು ಇಳಿಸಲು ನಮ್ಮ ಕಾರ್ಖಾನೆ. ಸಾಕಾಗಿದೆ ಸ್ವಾಮಿ.

ಇನ್ನು ಹುಡುಗರ ಪಾಡು. 2024ರ ಆಗಸ್ಟ್‌ನಲ್ಲಿ ನಡೆದ ಕೆಎಎಸ್ ಅಧಿಕಾರಿ ಹುದ್ದೆಗಳ ಪ್ರಿಲಿಮ್ಸ್ ಪರೀಕ್ಷೆಯ ಕನ್ನಡ ಅನುವಾದದಲ್ಲಿ ತಪ್ಪೋ ತಪ್ಪು. ಡಿಸೆಂಬರ್‌ನಲ್ಲಿ ಮತ್ತೆ ಬರೆಸಿದರು, ಮತ್ತೆ ತಪ್ಪು. ರೂಮು ಬಾಡಿಗೆಗೆ ಹಿಡಿದು ವರ್ಷಗಟ್ಟಲೆ ಓದಿದವರು ಕನ್ನಡದ ಪ್ರಶ್ನೆ ಅರ್ಥ ಮಾಡಿಕೊಳ್ಳಲು ಇಂಗ್ಲಿಷ್ ನೋಡಬೇಕಾಯಿತು. ಅವರಿಗೆ ಮಾತ್ರ ಒಂದೊಂದು ತಪ್ಪಿಗೂ ಮಾರ್ಕ್ಸ್ ಕಳೆಯುತ್ತಾರೆ.

ನಮ್ಮ ಹುಡುಗನ ಎಫ್‌ಡಿಎ ಆಗಲಿಲ್ಲ. ಅದರ ಬಗ್ಗೆ ಅವನು ಮಾತಾಡಲ್ಲ, ನಾನೂ ಕೇಳಲ್ಲ. ನಿನ್ನೆ ಸಂಜೆ ಮನೆಗೆ ಬಂದ. ಕೈಯಲ್ಲಿ ಫ್ಲೆಕ್ಸ್ ತುಂಡು, ಕತ್ತರಿ, ಗಮ್ಮು. ಏನೋ ಅದು ಅಂದೆ.

'ಲಿಸ್ಟ್ ಬದ್ಲಾಯ್ತಂತೆ ಮಾವ. ಅಣ್ಣಂಗೆ ಆ ನಿಗಮ ಅಲ್ವಂತೆ, ಬೇರೆದಂತೆ.'

'ಮತ್ತೆ ಹೊಸ ಫ್ಲೆಕ್ಸ್ ಹಾಕಬೇಕಲ್ಲೋ?'

'ಇಲ್ಲ, ನಿಗಮದ ಹೆಸರಿನ ಮೇಲೆ ಮಾತ್ರ ಇದನ್ನ ಅಂಟಿಸ್ಬುಡು ಅಂದ್ರು. ಮಿಕ್ಕಿದ್ದೆಲ್ಲ ಹಂಗೇ ಇರ್ಲಂತೆ.'

ಏಣಿ ಬೇಕು ಅಂತ ಕೇಳಿದ. ನಮ್ಮ ಮನೆಯದೇ ಕೊಟ್ಟೆ.